ಸದ್ದಿಗೆ ಕಟ್ಟಿದ ಕಲ್ಲುಮರಿಗೆ

ನಮ್ಮ ಸೋದರಮಾವನಿಗೆ ಹೆಸರಿರಲಿಲ್ಲ ಎಂದರೆ ನೀವು ನಂಬುವುದಿಲ್ಲ. ಇಟ್ಟಿದ್ದರು ಬಿಡಿ, ತೊಟ್ಟಿಲಿಗೆ ಹಾಕಿ, ಶಾಸ್ತ್ರ ಮಾಡಿ, ಊರಿಗೆಲ್ಲ ಊಟ ಹಾಕಿಯೇ ಇಟ್ಟಿದ್ದರು. ಆದರೆ ಇಟ್ಟದ್ದು ಅವನ ತಾತನ ಹೆಸರು. ಆ ತಾತ ಎಂದರೆ ನಮ್ಮ ಅಜ್ಜಿಗೆ ಮಾವ. ಮಾವನ ಹೆಸರನ್ನು ಸೊಸೆಯಾದವಳು ಬಾಯಲ್ಲಿ ಹೇಳುವುದುಂಟೆ? ಹಾಗಾಗಿ ಹೆತ್ತ ತಾಯಿಯೇ ಮಗನನ್ನು ಹೆಸರು ಹಿಡಿದು ಕರೆಯುವಂತಿರಲಿಲ್ಲ. ಮದುವೆಯಾದ ಮೇಲೆ ಹೆಂಡತಿಯೂ ಹೇಳುವಂತಿರಲಿಲ್ಲ. ನಾವು ಚಿಕ್ಕವರು ಹೇಳಿದರೆ ಬೆನ್ನಿಗೆ ಬೀಳುತ್ತಿತ್ತು. ಹೀಗೆ ನಾನು ಬೆಳೆದ ಅರಸೀಕೆರೆಯ ಅಜ್ಜಿಮನೆಯಲ್ಲಿ ಬಾಗಿಲಿಗೆ ತಲೆ ತಾಗುವಷ್ಟು ಎತ್ತರದ ಗಂಡಸೊಬ್ಬ ಹೆಸರಿಲ್ಲದೆ ಓಡಾಡಿಕೊಂಡಿದ್ದ. ನಾನೂ ಆ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಅಜ್ಜಿ ಎಲ್ಲಿದ್ದರೂ ಬಂದು ಬಯ್ದಾಳು.

ಹೆಸರಿಲ್ಲದಿದ್ದರೇನು, ಸದ್ದಿತ್ತು! ಬಿಕ್ಕೋಡಿನ ಆಚೆ ಕಾಫಿ ತೋಟದ ಬಿಳಿ ದೊರೆಯೊಬ್ಬ ಸೀಮೆಗೆ ವಾಪಸಾಗುವಾಗ ನಾಯಿ, ಬಂದೂಕು, ಮೋಟಾರ್ ಸೈಕಲ್ಲು ಮೂರನ್ನೂ ಮಾರಲಿಟ್ಟಿದ್ದ. ಮಾವ ನಾಯಿಯನ್ನು ನೋಡಲು ಹೋದವನು ಮೋಟಾರ್ ಸೈಕಲ್ಲು ಹತ್ತಿ ಬಂದ. ದೊರೆಯ ಕೈಯಲ್ಲಿದ್ದಾಗ ಅದು ಮರ್ಯಾದಸ್ಥ ಗಾಡಿ. ಸಣ್ಣಗೆ ಗುರುಗುಟ್ಟಿಕೊಂಡು ಹೋಗುತ್ತಿತ್ತಂತೆ. ಮಾವನಿಗೆ ಅದೇ ಸೇರಲಿಲ್ಲ. "ಇದೇನು, ನೆಗಡಿಯಾದ ಬೆಕ್ಕಿನಂಗೆ ಉಸಿರಾಡ್ತೈತೆ" ಎಂದು ಸೈಲೆನ್ಸರ್ ಬಿಚ್ಚಿ ಬಿಸಾಡಿದ. ಕೊಂಬು ಕಹಳೆ ಮಾಡುವ ಕಂಚುಗಾರನ ಹತ್ತಿರ ಹೋಗಿ, ಬಾಯಗಲಿಸಿದ ಹಿತ್ತಾಳೆಯ ಕೊಳವೆಯೊಂದನ್ನು ಮಾಡಿಸಿದ.

"ಊದೋರು ಯಾರು ಬುದ್ಧಿ?" ಎಂದು ಕಂಚುಗಾರ ಕೇಳಿದನಂತೆ.

"ಇಂಜಿನ್ನು" ಎಂದನಂತೆ ಮಾವ.

ಅವನ ಕಸುಬು ಕೊಬ್ಬರಿ ವ್ಯಾಪಾರ. ತೆಂಗಿನಕಾಯಿಯನ್ನು ಅಟ್ಟದ ಮೇಲೆ ತಿಂಗಳುಗಟ್ಟಲೆ ಬಿಟ್ಟರೆ ಒಳಗಿನ ನೀರು ಆರಿ, ಕೊಬ್ಬರಿ ಚಿಪ್ಪಿನಿಂದ ಬಿಡಿಸಿಕೊಳ್ಳುತ್ತದೆ. ಬಿಡಿಸಿಕೊಂಡಿತೋ ಇಲ್ಲವೋ ತಿಳಿಯಲು ಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಬೇಕು. ಲೊಡಲೊಡ ಎಂದರೆ ಮಾಗಿದೆ, ಸುಮ್ಮನಿದ್ದರೆ ಹಸಿ. ಹಳ್ಳಿ ಹಳ್ಳಿಯ ಅಟ್ಟ ಹತ್ತಿ ದಿನವಿಡೀ ಕಾಯಿ ಅಲ್ಲಾಡಿಸಿ ಮಾವನ ತಲೆಯಲ್ಲಿ ಅದೇ ಒಂದು ಸಿದ್ಧಾಂತವಾಗಿ ಕೂತುಬಿಟ್ಟಿತ್ತು. ಯಾರಾದರೂ ಗಾಡಿಯ ಗಲಾಟೆಯ ಬಗ್ಗೆ ಗೊಣಗಿದರೆ, "ಸದ್ದು ಮಾಡ್ದೆ ಇರೋದು ಇನ್ನೂ ಹಸೀನೇ ಕಣ್ರೀ" ಎಂದು ನಗುತ್ತಿದ್ದ. ಈ ಮಾತನ್ನು ಅವನು ಒಂದು ಸಲ ನಮ್ಮ ಶಾಲೆಯ ಹೆಡ್‌ಮಾಸ್ತರರಿಗೇ ಹೇಳಿದ್ದರಿಂದ ನನಗೆ ಆ ವರ್ಷ ಗಣಿತದಲ್ಲಿ ಸ್ವಲ್ಪ ತೊಂದರೆಯಾಯಿತು.

ಗಲಾಟೆ ಎಂದರೆ ಎಂಥ ಗಲಾಟೆ! ಅರಸೀಕೆರೆ ಸಂತೆಯಲ್ಲಿ ಎತ್ತುಗಳು ನೊಗ ಹೊತ್ತುಕೊಂಡೇ ಎದ್ದು ನಿಲ್ಲುತ್ತಿದ್ದವು. ಬೇಲೂರಿನ ದಾರಿಯಲ್ಲಿ ಎದುರಿಗೆ ಬರುತ್ತಿದ್ದ ಬಸ್ಸಿನ ಡ್ರೈವರ್, ತಿರುವಿನ ಆಚೆ ಲಾರಿಗಳ ಸಾಲೇ ಬರುತ್ತಿದೆ ಎಂದುಕೊಂಡು ಬಸ್ಸನ್ನು ರಾಗಿ ಹೊಲಕ್ಕೆ ಇಳಿಸಿ ಕಾಯುತ್ತಾ ಕುಳಿತನಂತೆ. ಬಂದದ್ದು ಮಾವನೊಬ್ಬನೇ, ಕೈ ಬೀಸುತ್ತಾ. ಹಳೇಬೀಡಿನ ದೇವಸ್ಥಾನದ ಮುಂದೆ ಹಾದುಹೋದಾಗ ಅಲ್ಲಿನ ದೊಡ್ಡ ನಂದಿ ಕಿವಿ ಆಡಿಸಿತೆಂದು ಅವನೇ ಬಂದು ಹೇಳಿದ.

"ಅದು ಕಲ್ಲು ಬಸವ ಅಲ್ವಾ ಮಾವ?" ಎಂದೆ ನಾನು.

"ಅದಕ್ಕೇ ಬರೀ ಕಿವಿ ಆಡಿಸ್ತು. ಜೀವ ಇದ್ದಿದ್ರೆ ಬೇಲೂರಿಗೆ ಓಡೋಗಿರೋದು."

ಇಂಥವನ ಹೆಂಡತಿ, ನಮ್ಮ ಅತ್ತೆ, ಮಾದಿಹಳ್ಳಿಯ ಹೆಣ್ಣು. ಮಾತು ಬಹಳ ಕಡಿಮೆ. ಗಂಡನ ಹೆಸರು ಹೇಳುವಂತಿಲ್ಲವಲ್ಲ, ಅವಳೊಂದು ಉಪಾಯ ಮಾಡಿಕೊಂಡಿದ್ದಳು. ಅವನನ್ನು 'ಸದ್ದು' ಎನ್ನುತ್ತಿದ್ದಳು. "ಸದ್ದು ಇನ್ನೂ ಬಂದಿಲ್ಲ." "ಸದ್ದಿಗೆ ಮೈ ಬಿಸಿ ಐತೆ, ಕಷಾಯ ಮಾಡ್ಬೇಕು." ಅಡಿಗೆಯನ್ನೂ ಅವಳು ಸದ್ದು ಕೇಳಿಯೇ ಮಾಡುತ್ತಿದ್ದಳು. ದೂರದ ಕೆರೆ ಏರಿಯ ಮೇಲೆ ಗಾಡಿ ಗುಡುಗಿದರೆ ಎಸರಿಗೆ ರಾಗಿ ಹಿಟ್ಟು ಬೀಳುತ್ತಿತ್ತು. ಮಾವ ಕೊಬ್ಬರಿ ಮಂಡಿಗೆ ಹೋಗಿ, ಅಲ್ಲಿ ನಾಲ್ಕು ಜನರ ಹತ್ತಿರ ಹರಟಿ, ಮತ್ತೆ ಗಾಡಿ ಹತ್ತಿದ ಸದ್ದು ಕೇಳಿದರೆ ಕೋಲು ಹಿಡಿದು ತಿರುವಲು ಕೂರುತ್ತಿದ್ದಳು. ಅವನು ಕೈಕಾಲು ತೊಳೆದು ಬರುವುದಕ್ಕೂ ಹಬೆಯಾಡುವ ಮುದ್ದೆ ತಟ್ಟೆಗೆ ಬೀಳುವುದಕ್ಕೂ ಸರಿಯಾಗುತ್ತಿತ್ತು. ಮಾವ ಒಂದು ದಿನವೂ ತಣ್ಣಗಿನ ಮುದ್ದೆ ಉಂಡವನಲ್ಲ, ಅದು ಹೇಗೆ ಎಂದು ಯೋಚಿಸಿದವನೂ ಅಲ್ಲ.

ಅತ್ತೆ ಚೊಚ್ಚಲ ಹೆರಿಗೆಗೆ ತವರಿಗೆ ಹೋದಳು. ಗಂಡು ಮಗುವಾಯಿತು. ಹೆಸರಿಡುವ ದಿನ ನಾವೆಲ್ಲ ಬಸ್ಸಿನಲ್ಲಿ ಮಾದಿಹಳ್ಳಿಗೆ ಹೋದೆವು, ಮಾವ ತನ್ನ ಗಾಡಿಯಲ್ಲಿ ಬಂದ. ಅವನು ಅಂಗಳಕ್ಕೆ ನುಗ್ಗಿದ ಆ ಗಳಿಗೆಯಲ್ಲೇ ಕೊಟ್ಟಿಗೆಯಲ್ಲಿ ಎಮ್ಮೆ ಕರೆಯುತ್ತಿದ್ದರು. ಎಮ್ಮೆ ಹಗ್ಗ ಕಿತ್ತುಕೊಂಡು, ಹಾಲಿನ ತಂಬಿಗೆಯನ್ನು ಒದ್ದು, ಚಪ್ಪರದ ಒಂದು ಕಂಬವನ್ನು ಜೊತೆಗೆ ಕರೆದುಕೊಂಡು ನೇರ ಕೆರೆಗೆ ಇಳಿಯಿತು. ಸಂಜೆಯವರೆಗೂ ಮೂಗು ಮಾತ್ರ ಮೇಲಿಟ್ಟುಕೊಂಡು ನೀರಿನಲ್ಲೇ ನಿಂತಿತ್ತು. ವಿಚಿತ್ರವೆಂದರೆ ಆ ರಂಪದಲ್ಲಿ ತೊಟ್ಟಿಲಿನ ಕೂಸು ಮಾತ್ರ ಕಣ್ಣು ಬಿಡದೆ ನಿದ್ದೆ ಮಾಡುತ್ತಿತ್ತು. ಹೊಟ್ಟೆಯಲ್ಲಿದ್ದಾಗಿನಿಂದ ಕೇಳಿದ ಸದ್ದಲ್ಲವೇ!

ಮಾವನ ಮಾವ, ಅಂದರೆ ಅತ್ತೆಯ ಅಪ್ಪ, ಗದ್ದೆ ತೋಟ ಇದ್ದ ದೊಡ್ಡ ಮನುಷ್ಯರು. ದನಿ ಏರಿಸಿದವರಲ್ಲ. ಊಟವಾದ ಮೇಲೆ ಅಳಿಯನ ಕೈಗೆ ಎಲೆ ಅಡಿಕೆ ಕೊಟ್ಟು ಹೇಳಿದರು.

"ಅಳಿಯಂದ್ರೇ, ನೀವು ಬಂದ್ರೆ ನಮಗೆಲ್ಲ ಸಂತೋಷ. ನಮ್ಮ ಎಮ್ಮೆಗೆ ಸಂತೋಷ ಇಲ್ಲ."

"ಅಭ್ಯಾಸ ಆಗ್ತೈತೆ ಬಿಡಿ ಮಾವ."

"ಆಗೋದು ಬ್ಯಾಡ. ಆ ಕೊಂಬಿನ ಬಾಯಿ ಮುಚ್ಚಿಸ್ಕೊಂಡು ಬನ್ನಿ. ಮಗಳನ್ನೂ ಮಗೂನೂ ಅವತ್ತೇ ಕಳಿಸ್ಕೊಡ್ತೀನಿ. ಅಲ್ಲಿಗಂಟ ಇಬ್ರೂ ಇಲ್ಲೇ ಇರ್ಲಿ."

ಹೀಗೆ ಹೆಂಡತಿ, ಮಗ ಇಬ್ಬರೂ ಒಂದು ಕೊಳವೆಯ ದೆಸೆಯಿಂದ ಮಾದಿಹಳ್ಳಿಯಲ್ಲೇ ಉಳಿದರು. ಗಾಡಿ ಬಿಟ್ಟು ಬಸ್ಸಿನಲ್ಲಿ ಹೋಗಿ ಕರೆದುಕೊಂಡು ಬರಬಹುದಿತ್ತು ಎನ್ನುತ್ತೀರಾ? ಆ ಹಿರಿಯರು ಕೇಳಿದ್ದು ಬಾಯಿ ಮುಚ್ಚಿಸುವುದನ್ನು. ಅದಲ್ಲದೆ ಮಾವನಿಗೆ ಅದು ತನ್ನಿಂದಾಗದ ಕೆಲಸ ಎಂದು ಅನ್ನಿಸಲೇ ಇಲ್ಲ. "ಸದ್ದು ಹುಟ್ಟಿಸಿದವನಿಗೆ ಅಡಗಿಸೋಕೆ ಬರಲ್ವಾ?" ಎಂದು ತೋಳು ಮಡಿಸಿದ. ದೊರೆಯ ಕಾಲದ ಸೈಲೆನ್ಸರನ್ನೇ ಹಾಕೋಣವೆಂದರೆ ಅದನ್ನು ಅಜ್ಜಿ ಬಚ್ಚಲ ಒಲೆಗೆ ಹೊಗೆ ಕೊಳವೆ ಮಾಡಿಕೊಂಡಿದ್ದಳು. ಅದು ತುಕ್ಕು ತಿಂದು ಜರಡಿಯಾಗಿತ್ತು.

ಮೊದಲು ತೆಂಗಿನ ನಾರು ತುರುಕಿದ. ಮನೆಯ ತುಂಬ ಇದ್ದದ್ದೇ ಅದು. ಗಾಡಿ ಒಂದು ಗಳಿಗೆ ಗಂಭೀರವಾಗಿ ಕೆಮ್ಮಿ, ಉರಿಯುವ ನಾರಿನ ಉಂಡೆಯನ್ನು ಎದುರು ಮನೆಯವರ ಬಣವೆಯ ಕಡೆಗೆ ಉಗಿಯಿತು. ಬೀದಿಯ ಜನವೆಲ್ಲ ಬಿಂದಿಗೆ ಹಿಡಿದು ಓಡಿದರು. ಆಮೇಲೆ ಮಣ್ಣಿನ ಮಡಕೆ ಕಟ್ಟಿದ. ಅದು ರೈಲ್ವೆ ಗೇಟಿನ ಹತ್ತಿರ ಸಿಡಿದು, ಗೇಟಿನವನು ಬರದ ರೈಲಿಗೆ ಹಸಿರು ಬಾವುಟ ತೋರಿಸಿದ. ಪ್ರತಿ ಸಲವೂ ಮಾವ ಮೀಸೆಯ ಮಸಿ ಒರೆಸಿಕೊಂಡು, "ಹತ್ರಕ್ಕೆ ಬಂದೈತೆ" ಎನ್ನುತ್ತಿದ್ದ.

ಈ ನಡುವೆ ನಮ್ಮ ಅಡಿಗೆಮನೆಯಲ್ಲಿ ಕಳವಾಯಿತು. ಅಜ್ಜಿಯ ಕಲ್ಲುಮರಿಗೆ ಕಾಣೆಯಾಯಿತು! ಬಳಪದ ಕಲ್ಲಿನಲ್ಲಿ ಕೊರೆದ ಆ ಪಾತ್ರೆ ಅಜ್ಜಿಯ ಅತ್ತೆಯ ಕಾಲದ್ದು. ಬಸ್ಸಾರನ್ನು ಅದರಲ್ಲಿ ಕುದಿಸಿ, ಮಾರನೆಯ ದಿನ ಮತ್ತೆ ಕುದಿಸಿ, ಮೂರನೆಯ ದಿನಕ್ಕೆ ರುಚಿ ಬಂತು ಎನ್ನುತ್ತಿದ್ದಳು. ಬೆಳ್ಳುಳ್ಳಿ, ಮೆಣಸಿನಕಾಯಿ, ಹುಣಿಸೆಹುಳಿ ಎಲ್ಲ ಆ ಕಲ್ಲಿನ ಮೈಗೇ ಇಳಿದಿದ್ದವು. ಅಜ್ಜಿ ಅದನ್ನು ಹುಡುಕಿ ಹುಡುಕಿ, ಕಡೆಗೆ ಪಕ್ಕದ ಮನೆಯವಳ ಜೊತೆ ಮಾತು ಬಿಟ್ಟಳು.

ಅಷ್ಟರಲ್ಲಿ ಮಾವ ಬಂದು, "ಅವ್ವ, ನಾಳೆ ಬೀಗರ ಮನೆಗೆ ಹೋಗೋಣ. ಗಾಡಿ ಬಾಯಿ ಮುಚ್ಚೈತೆ" ಎಂದ. ನಾನು, ಅಜ್ಜಿ ಬಸ್ಸಿನಲ್ಲಿ ಮುಂಚೆಯೇ ಹೋಗಿ ಮಾದಿಹಳ್ಳಿಯಲ್ಲಿ ಕುಳಿತೆವು. ಅತ್ತೆ ಮಗುವನ್ನು ಎತ್ತಿಕೊಂಡು ಬಾಗಿಲಿಗೂ ಒಳಕ್ಕೂ ಓಡಾಡುತ್ತಿದ್ದಳು. "ಸದ್ದು ಬರ್ಲೇ ಇಲ್ವಲ್ಲೇ" ಎಂದು ನನ್ನನ್ನು ಕೇಳಿ ಕೇಳಿ ಸಾಕಾಗಿ, ಮಗುವಿಗೆ ಹಾಲು ಕುಡಿಸಲು ಕೋಣೆಗೆ ಹೋದಳು. ಆಗ ಬೀದಿಯ ಕಡೆಯಿಂದ ಘಮ್ಮೆಂದು ವಾಸನೆ ಬಂತು.

"ಯಾರ ಮನೇಲೋ ಬಸ್ಸಾರು ಮಾಡವ್ರೆ" ಎಂದರು ಬೀಗರು.

ಅಜ್ಜಿ ಮೂಗು ಅರಳಿಸಿದಳು. "ಯಾರ ಮನೇದೂ ಅಲ್ಲ. ಇದು ನಮ್ಮನೆ ಬಸ್ಸಾರು!"

ಎಲ್ಲರೂ ಹೊರಗೆ ಓಡಿದೆವು. ಅಂಗಳದಲ್ಲಿ ಮಾವ ಗಾಡಿಯ ಮೇಲೆ ಕುಳಿತಿದ್ದಾನೆ, ಇಂಜಿನ್ನು ಓಡುತ್ತಲೇ ಇದೆ, ಸದ್ದು ಮಾತ್ರ ಸಾರು ಕುದಿಯುವಷ್ಟು, ಕೊತಕೊತ. ಹಿತ್ತಾಳೆ ಕೊಳವೆಯ ಬಾಯಿಗೆ ಅಜ್ಜಿಯ ಕಲ್ಲುಮರಿಗೆ ಕಬ್ಬಿಣದ ಪಟ್ಟಿಯಲ್ಲಿ ಬಿಗಿದು ಕುಳಿತಿದೆ. ಮೇಲೆ ತೂತು ಕೊರೆದ ತಗಡಿನ ಮುಚ್ಚಳ. ಕಲ್ಲು ಕಾದಂತೆಲ್ಲ ಅದರೊಳಗಿನ ಅಷ್ಟು ವರ್ಷಗಳ ಸಾರು ಘಮಘಮಿಸುತ್ತಿದೆ. ಎಮ್ಮೆ ಮೆಲುಕು ಹಾಕುತ್ತಾ ನಿಂತಿದೆ. ಬೀಗರು ಅಳಿಯನ ಬೆನ್ನು ತಟ್ಟಿದರು. ಅವರೆದುರು ಮಗನನ್ನು ಬಯ್ಯಲಾಗದೆ ಅಜ್ಜಿ ಹಲ್ಲು ಕಚ್ಚಿಕೊಂಡು, "ಮರಿಗೆ ಹೋದ್ರೆ ಹೋಗ್ಲಿ, ಸೊಸೆ ಬಂದ್ಲಲ್ಲ" ಎಂದಳು.

ಗೆದ್ದ ಮಾವ ಮಾತ್ರ ಬಾಗಿಲ ಕಡೆ ನೋಡುತ್ತಿದ್ದ. ಅವನು ಬಂದಾಗಲೆಲ್ಲ ಹೊಸ್ತಿಲಲ್ಲಿ ಮೊದಲು ನಿಂತಿರುತ್ತಿದ್ದವಳು ಅತ್ತೆ. ಅಂದು ಎಲ್ಲರಿಗಿಂತ ಕೊನೆಗೆ ಬಂದಳು.

"ನಾನು ಬಂದಿದ್ದು ಗೊತ್ತಾಗ್ಲಿಲ್ವಾ?" ಎಂದ.

"ಹೆಂಗೆ ಗೊತ್ತಾಗ್ಬೇಕಿತ್ತು?" ಎಂದಳು ಅತ್ತೆ.

ಅರಸೀಕೆರೆಗೆ ಬಂದ ಮೇಲೆ ಬೀದಿಗೆಲ್ಲ ನೆಮ್ಮದಿ, ನಮ್ಮ ಮನೆಗೆ ಮಾತ್ರ ಇಲ್ಲ. ಮಾವ ಯಾವಾಗ ಬರುತ್ತಾನೆಂದು ತಿಳಿಯದೆ ಅತ್ತೆ ಮುದ್ದೆ ಮಾಡಿದರೆ ಅದು ಆರಿ ಕಲ್ಲಾಗುತ್ತಿತ್ತು. ಕಾದು ಮಾಡೋಣವೆಂದರೆ ಅವನು ಹಿಂದೆ ಬಂದು ನಿಂತಿರುತ್ತಿದ್ದ. ತಣ್ಣಗಿನ ಮುದ್ದೆಯನ್ನು ಅವನು ಬಿಸಿ ಸಾರಿನಲ್ಲಿ ಅದ್ದಿ ಅದ್ದಿ ನುಂಗುತ್ತಿದ್ದ, ಅವಳು ಮತ್ತಷ್ಟು ಸಾರು ಬಡಿಸುತ್ತಿದ್ದಳು. ಒಂದು ದಿನ ಅವನು ಅರೇಹಳ್ಳಿಯ ಕಡೆ ಹೋದವನು ದೀಪ ಹಚ್ಚುವ ಹೊತ್ತಾದರೂ ಬರಲಿಲ್ಲ. ಅತ್ತೆ ಮಗುವನ್ನು ಸೊಂಟದಲ್ಲಿಟ್ಟುಕೊಂಡು ಬೀದಿ ಬಾಗಿಲಲ್ಲೇ ನಿಂತಿದ್ದಳು. ಹೋಗುವ ಬರುವ ಗಾಡಿಗಳ ಕಡೆಗೆಲ್ಲ ಅವಳ ಮೂಗು ತಿರುಗುತ್ತಿತ್ತು. ನಾನು ನಕ್ಕೆ. ಅವಳು ನಗಲಿಲ್ಲ. ಕಡೆಗೆ ಮಾವ ಬಸ್ಸಾರಿನ ಘಮದ ಜೊತೆ ಬಂದು ಇಳಿದಾಗ ಅವಳ ಕಣ್ಣಲ್ಲಿ ನೀರು ತುಂಬಿತ್ತು.

"ಆ ಮರಿಗೆ ಬಿಚ್ಚಿಕೊಡಿ" ಎಂದಳು. "ಸಾರು ಮಾಡ್ಬೇಕು."

"ಮನೇಲಿ ಬೇರೆ ಪಾತ್ರೆ ಇಲ್ವಾ?"

ಅವಳ ಹಿಂದೆಯೇ ಗೋಡೆಗೂಡಿನ ತುಂಬ ಪಾತ್ರೆಗಳು ಸಾಲಾಗಿ ಹೊಳೆಯುತ್ತಿದ್ದವು.

"ಇಲ್ಲ" ಎಂದಳು.

ಮಾವ ಅವಳ ಮುಖವನ್ನೇ ನೋಡಿದ. ಆಮೇಲೆ ಬಗ್ಗಿ ಪಟ್ಟಿ ಸಡಿಲಿಸತೊಡಗಿದ. ಮುಂದೆ ಮಾದಿಹಳ್ಳಿಗೆ ಹೋಗುವಾಗ ಮಾತ್ರ ಆ ಮರಿಗೆ ಮತ್ತೆ ಗಾಡಿ ಹತ್ತುತ್ತಿತ್ತು. ಉಳಿದ ದಿನಗಳಲ್ಲಿ ಅದರಲ್ಲಿ ಸಾರು ಕುದಿಯುತ್ತಿತ್ತು, ಒಂಚೂರು ಪೆಟ್ರೋಲಿನ ಒಗ್ಗರಣೆಯೊಂದಿಗೆ. ಅಜ್ಜಿ ಮಾತ್ರ ಅದನ್ನು ಮೂಸಿ ಮೂಸಿ ಉಣ್ಣುತ್ತಿದ್ದಳು.

ಮರಿಗೆ ಬಿಚ್ಚಿದ ಮರುದಿನ ಮಧ್ಯಾಹ್ನ ನಾನು ಅಡಿಗೆಮನೆಯಲ್ಲೇ ಇದ್ದೆ. ಎಸರು ಮರಳುತ್ತಿತ್ತು. ದೂರದ ಕೆರೆ ಏರಿಯ ಮೇಲೆ ಗುಡುಗು ಕೇಳಿತು. ಬೀದಿಯಲ್ಲಿ ಯಾರೋ ತಲೆ ಚಚ್ಚಿಕೊಂಡರು, ನಾಯಿಗಳು ಬೊಗಳಿದವು. ಅತ್ತೆ ಹಿಟ್ಟಿನ ಮೊರ ಕೈಗೆತ್ತಿಕೊಂಡು, ಸೊಂಟದ ಮೇಲಿದ್ದ ಮಗುವಿನ ಕಿವಿಯ ಹತ್ತಿರ ಬಾಗಿ ಮೆಲ್ಲಗೆ ಹೇಳಿದಳು.

"ಕೇಳಿಸ್ಕೋ ಮಗ, ಅದೇ ನಿಮ್ಮಪ್ಪನ ಹೆಸರು."