ಮುಂದಿನ ಕೋಣೆಯನ್ನು ಅಂಗಡಿಯೆಂದು ಬರೆದವರಿಗೆ

ಮಾನ್ಯ ಸ್ಥಳ ಪರಿಶೀಲನಾಧಿಕಾರಿಗಳ ಸನ್ನಿಧಾನಕ್ಕೆ,

ಮಾನ್ಯರೇ, ತಾವು, ತಮ್ಮ ಟೇಪು ಮತ್ತು ತಮ್ಮ ಕಿವಿಯ ಮೇಲಿನ ಪೆನ್ಸಿಲ್ಲು, ಮೂವರೂ ಕ್ಷೇಮವೆಂದು ನಂಬಿದ್ದೇನೆ. ಕಳೆದ ಗುರುವಾರ ತಾವು ನಮ್ಮ ಮನೆಗೆ ದಯಮಾಡಿಸಿ, ಎರಡು ಕೋಣೆ ಮತ್ತು ಅಡುಗೆಮನೆಯನ್ನು ಒಂದಿಂಚೂ ಬಿಡದೆ ಅಳೆದು, ಬಾಗಿಲಲ್ಲಿದ್ದ ಚಪ್ಪಲಿಗಳನ್ನೂ ಎಣಿಸಿಕೊಂಡು ಹೋದದ್ದನ್ನು ಬೀದಿಯವರು ಇನ್ನೂ ಆಡಿಕೊಳ್ಳುತ್ತಿದ್ದಾರೆ. ನಾನೂ ಟೇಪು ಹಿಡಿದು ಬದುಕುವ ಟೈಲರೇ. ಆದರೆ ಗಿರಾಕಿಯ ತೋಳು ಅಳೆದು, ಈ ತೋಳು ನಿಮ್ಮದಲ್ಲ ಎಂದು ಹೇಳುವ ಧೈರ್ಯ ನನಗೆ ಇವತ್ತಿನವರೆಗೂ ಬಂದಿಲ್ಲ.

ನಮ್ಮ ಯಜಮಾನರು ಗೆಳೆಯರೊಬ್ಬರ ಪ್ರಿಂಟಿಂಗ್ ಪ್ರೆಸ್ಸಿನ ಸಾಲಕ್ಕೆ ಜಾಮೀನು ನಿಂತದ್ದು ತಮಗೆ ಗೊತ್ತೇ ಇದೆ. ಪ್ರೆಸ್ಸು ಮುಚ್ಚಿತು, ಗೆಳೆಯರ ಫೋನೂ ಸ್ವಿಚ್ ಆಫ್ ಆಯಿತು, ಫೈನಾನ್ಸಿನವರು ನಮ್ಮ ಬಾಗಿಲಿಗೆ ಬಂದರು. ಸಂಸಾರ ವಾಸವಾಗಿರುವ ಮನೆಯನ್ನು ಸಾಲ ಕೊಟ್ಟವರು ಮುಟ್ಟುವ ಹಾಗಿಲ್ಲ, ಒಂದು ಅರ್ಜಿ ಹಾಕಿ ಎಂದು ವಕೀಲರು ಹೇಳಿದಾಗ ಹೋದ ಜೀವ ಬಂದಂತಾಯಿತು. ಅರ್ಜಿ ಹಾಕಿದೆವು, ಅಳೆಯಲು ತಾವು ಬಂದಿರಿ, ಮೂರು ದಿನದ ಹಿಂದೆ ತಮ್ಮ ವರದಿ ಕೈಸೇರಿತು. ಹಿಂದಿನ ಕೋಣೆ ಮತ್ತು ಅಡುಗೆಮನೆ 'ವಾಸ'ವಂತೆ. ಹೊಲಿಗೆ ಯಂತ್ರವಿರುವ ಮುಂದಿನ ಕೋಣೆ 'ಅಂಗಡಿ'ಯಂತೆ, ಆದ್ದರಿಂದ ಅದಕ್ಕೆ ಕಾನೂನಿನ ರಕ್ಷಣೆಯಿಲ್ಲ, ಫೈನಾನ್ಸಿನವರು ಹರಾಜು ಹಾಕಿಕೊಳ್ಳಬಹುದಂತೆ.

ಎಂಥ ನ್ಯಾಯ ಸ್ವಾಮಿ! ಸಣ್ಣದೊಂದು ಅನುಮಾನ ಮಾತ್ರ ಉಳಿದಿದೆ. ಈ ಮನೆಗಿರುವುದು ಒಂದೇ ಬಾಗಿಲು, ಅದು ತಾವು ಹೇಳಿದ ಅಂಗಡಿಯಲ್ಲಿದೆ. ನಾಳೆಯಿಂದ ನಾವು ಅಡುಗೆಮನೆಯ ಕಿಟಕಿಯಿಂದ ಓಡಾಡಬೇಕೆಂದು ತಮ್ಮ ಅಪ್ಪಣೆಯಾದರೆ, ಎಂಬತ್ತು ಕಿಲೋ ತೂಗುವ ನಮ್ಮ ಯಜಮಾನರಿಗೆ ಸರಿಹೊಂದುವ ಹಾಗೆ ಆ ಕಿಟಕಿಯನ್ನೂ ಒಮ್ಮೆ ಅಳೆದುಕೊಡಬೇಕು. ಅದಾಗದಿದ್ದರೆ ಬೆಳಗ್ಗೆ ಒಂಬತ್ತರಿಂದ ಸಂಜೆ ಆರರವರೆಗೆ ಕೋಣೆ ಫೈನಾನ್ಸಿನವರಿಗೆ, ಮಿಕ್ಕ ಹೊತ್ತು ನಮಗೆ ಎಂದು ಬರೆದುಕೊಡಿ. ಅವರ ಹೊತ್ತಿನಲ್ಲಿ ಅವರೇ ಯಂತ್ರ ತುಳಿದು, ಗುಂಡಿಯ ಕಾಜ ಹೊಲಿದು, ಗಿರಾಕಿಗಳ ಬೈಗುಳವನ್ನೂ ಅವರೇ ತಿನ್ನಲಿ, ನನ್ನ ಅಭ್ಯಂತರವಿಲ್ಲ.

ಆ ಕೋಣೆಯ ಮಂಚದ ಮೇಲೆ ನಮ್ಮ ಅತ್ತೆಯವರು ಇಪ್ಪತ್ತು ವರ್ಷದಿಂದ ಮಲಗುತ್ತಿದ್ದಾರೆ. ಅವತ್ತು ಅದರ ಮೇಲೆ ನಾನು ಕತ್ತರಿಸಿದ ಬಟ್ಟೆ ಹರಡಿದ್ದೆನಾದ್ದರಿಂದ ತಮ್ಮ ವರದಿಯಲ್ಲಿ ಅದು 'ಬಟ್ಟೆ ಇಡುವ ಮೇಜು, ಒಂದು' ಆಗಿದೆ. ಸಾಲದ್ದಕ್ಕೆ, ಇಲ್ಲಿ ಏನು ನಡೆಯುತ್ತದೆಂದು ತಾವು ಅತ್ತೆಯವರನ್ನೇ ಕೇಳಿದಿರಿ. ನಾನು ಸೊಸೆಯಾಗಿ ಬಂದಂದಿನಿಂದ ನನ್ನ ಹೊಲಿಗೆಯಲ್ಲಿ ಹುಳುಕು ಬಿಟ್ಟು ಬೇರೇನೂ ಕಾಣದ ಅವರು ಎದೆಯುಬ್ಬಿಸಿ, "ನನ್ನ ಸೊಸೆ ಕೈ ಅಂದ್ರೆ ಏನಂದ್ಕೊಂಡಿದ್ದೀರಿ ಸ್ವಾಮಿ? ಅರ್ಧ ಊರೇ ಇಲ್ಲಿಗೆ ಬರುತ್ತೆ, ನಿಲ್ಲೋಕೂ ಜಾಗ ಇರಲ್ಲ" ಎಂದುಬಿಟ್ಟರು. ಒಳಗೆ ಚಹಾ ಕಾಯಿಸುತ್ತಿದ್ದ ನನಗೆ ಸಂತೋಷಕ್ಕೆ ಅಳುವೇ ಬಂತು. ತಾವು ಆ ಮಾತನ್ನು ಸಾಕ್ಷಿಯೆಂದು ಬರೆದುಕೊಂಡು ಅವರ ಸಹಿ ಹಾಕಿಸಿಕೊಂಡಿರಿ. ಅಂತೂ ಈ ಜನ್ಮದಲ್ಲಿ ನನಗೆ ಸಿಕ್ಕ ಒಂದೇ ಒಂದು ಶಹಬ್ಬಾಸ್‌ಗಿರಿಗೆ ಸರ್ಕಾರದ ಮೊಹರು ಬಿತ್ತು.

ನನ್ನ ಬಾಯಿಂದಲೇ ಮನೆ ಹೋಗುತ್ತಿದೆ ಎಂದು ಅತ್ತೆಯವರು ಕೊರಗುತ್ತಿದ್ದಾರೆ. ತಾವು ಮತ್ತೆ ಬಂದರೆ ಅದು ಮಲಗುವ ಕೋಣೆಯಾಗಿಯೇ ಕಾಣಲೆಂದು ಹಗಲೆಲ್ಲ ಕಂಬಳಿ ಹೊದ್ದು ಮಲಗಿರುತ್ತಾರೆ. ಗಿರಾಕಿಗಳು ಅವರ ಕಾಲ ಬಳಿ ನಿಂತು ಅಳತೆ ಕೊಡುತ್ತಾರೆ, ಅವರು ಕಣ್ಣು ಮುಚ್ಚಿಕೊಂಡೇ "ತೋಳು ಗಿಡ್ಡ ಆಯ್ತು" ಎನ್ನುತ್ತಾರೆ. ನಗು ಬರುತ್ತದೆ, ನಗುತ್ತಲೇ ಆ ತೋಳನ್ನು ಮತ್ತೆ ಅಳೆಯುತ್ತೇನೆ. ಈ ಕೋಣೆ ಹೋದರೆ ನಮಗೆ ಅನ್ನವಿಲ್ಲ, ಅವರಿಗೆ ಮೈಚಾಚಲು ಜಾಗವಿಲ್ಲ. ತಮ್ಮ ವರದಿಗೆ ನಾವು ಹಾಕಿದ ಆಕ್ಷೇಪಣೆಯ ವಿಚಾರಣೆ ಬರುವ ಸೋಮವಾರವಿದೆ. ಅದಕ್ಕೂ ಮೊದಲು ತಾವು ಇನ್ನೊಮ್ಮೆ ಬಂದು ಆ ಮಂಚವನ್ನು ಮಂಚವೆಂದೇ ಬರೆಯಬೇಕಾಗಿ ಕೈಮುಗಿದು ಬೇಡುತ್ತೇನೆ.

ತಮ್ಮ ಅಳತೆಗಿಂತ ತಮ್ಮ ಮೇಲೆಯೇ ಹೆಚ್ಚು ನಂಬಿಕೆಯಿಟ್ಟಿರುವ,
ತಮ್ಮ ವಿಶ್ವಾಸಿ,
ಒಂದೇ ಬಾಗಿಲ ಮನೆಯ ಟೈಲರ್

ತಾ.ಕ.: ಅಳತೆಯ ಮಾರನೇ ದಿನ, ಶುಕ್ರವಾರ, ತಾವೊಬ್ಬರೇ ಬಂದು ಸಣ್ಣ ದನಿಯಲ್ಲಿ ಕೊಟ್ಟು ಹೋದ ಪ್ಯಾಂಟು, ಮಗಳ ಮದುವೆಗೆ ಬೇಕೆಂದಿರಲ್ಲ, ಸೊಂಟ ಎರಡಿಂಚು ಬಿಡಿಸಿ ಸಿದ್ಧವಾಗಿದೆ. ಕೂಲಿ ತೆಗೆದುಕೊಂಡರೆ ಅಂಗಡಿಯಾಗುತ್ತದೆ, ಬಿಟ್ಟರೆ ಲಂಚವಾಗುತ್ತದೆ, ಆದ್ದರಿಂದ ಗೋಡೆಯ ಮೊಳೆಗೆ ತೂಗುಹಾಕಿದ್ದೇನೆ. ಆ ಗೋಡೆ ಮುಂದಿನ ಕೋಣೆಯದು. ಅದು ಮನೆಯಾದರೆ ಯಾವಾಗ ಬೇಕಾದರೂ ಬಂದು, ಅತ್ತೆಯವರ ಮಂಚದ ಮೇಲೆ ಕೂತು ಚಹಾ ಕುಡಿದು, ಪ್ಯಾಂಟು ತೆಗೆದುಕೊಂಡು ಹೋಗಬಹುದು. ಅಂಗಡಿಯೇ ಆದರೆ ಫೈನಾನ್ಸಿನವರನ್ನು ಕೇಳಿಕೊಳ್ಳಿ. ಹರಾಜಿನ ದಿನ ಬೇಗ ಬಂದರೆ ತಮಗೇ ಸಿಕ್ಕರೂ ಸಿಗಬಹುದು.