ಮೂವತ್ತೊಂದು ಡೈರಿಗಳು ಮತ್ತು ನನ್ನ ಕನ್ನಡ

ನಾನು ಹೇಳುವುದನ್ನು ನಂಬುವುದಿಲ್ಲ ಎನ್ನುವವರು ಈಗಲೇ ಎದ್ದು ಹೋಗಬಹುದು, ನನಗೇನೂ ಬೇಸರವಿಲ್ಲ. ಆದರೆ ಹೋಗುವಾಗ ಮುಂಬೈ ಮಗ್ಗುಲಿನ ಡೊಂಬಿವಲಿ ಪೂರ್ವದಲ್ಲಿ ಇಳಿದು, ಯಾವ ಉಡುಪಿ ಹೋಟೆಲಿನ ಗಲ್ಲೆಯಲ್ಲಾದರೂ ಕೇಳಿ: "ಆರನೇ ಕ್ಲಾಸಿನ ಆ ಬಿಜಾಪುರದ ಮಾಸ್ತರ ಗೊತ್ತೇನ್ರಿ?" ಅವರು ಮೊದಲು ನಗುತ್ತಾರೆ, ಆಮೇಲೆ ಚಹಾ ಕೊಡುತ್ತಾರೆ, ಚಹಾ ಮುಗಿಯುವುದರೊಳಗೆ ಇದರ ಎರಡು ಪಟ್ಟು ಹೇಳುತ್ತಾರೆ. ಮೂರು ಸೀಮೆಯ ಕನ್ನಡ ಒಂದೇ ಶಾಲೆಯ ಡೈರಿಯಲ್ಲಿ ಓಡಾಡುವ ಕಡೆ ಇಂಥವು ಆಗುತ್ತಲೇ ಇರುತ್ತವೆ. ತಪ್ಪು ನನ್ನದಲ್ಲ.

ನಾನು ಸಿಂದಗಿ ತಾಲೂಕಿನವ. ನಮ್ಮೂರಿನಲ್ಲಿ ಡಿ.ಎಡ್. ಮಾಡಿದ ಮೊದಲ ಗಂಡಸು, ಕುಸ್ತಿಯಲ್ಲಿ ಎರಡು ಬೆಳ್ಳಿ ಕಡಗ ಗೆದ್ದವ, ಹದಿನೇಳರ ಮಗ್ಗಿಯನ್ನು ಹಿಂದಿನಿಂದ ಮುಂದಕ್ಕೆ ಒಂದೇ ಉಸಿರಿಗೆ ಹೇಳುವವ. ಇಂಥವನಿಗೆ ಡೊಂಬಿವಲಿಯ ಒಂದು ಸಣ್ಣ ಕನ್ನಡ ಶಾಲೆಯಲ್ಲಿ ನೌಕರಿ ಸಿಕ್ಕಿತು, ಅದೂ ಒಂದು ವರ್ಷದ ಮಟ್ಟಿಗೆ. ಮುಖ್ಯೋಪಾಧ್ಯಾಯಿನಿ ಕುಂದಾಪುರ ಕಡೆಯವರು, ಎಲ್ಲರೂ ದೊಡ್ಡ ಟೀಚರ್ ಎನ್ನುತ್ತಿದ್ದರು. ಮೊದಲನೇ ದಿನವೇ ಕೂರಿಸಿಕೊಂಡು ಹೇಳಿದರು:

"ನೋಡಿ ಮಾಸ್ಟ್ರೇ, ಈ ಶಾಲೆ ಸೋರುವುದು ಆರನೇ ಕ್ಲಾಸಿನಲ್ಲಿ. ಐದು ಮುಗಿದ ಕೂಡಲೇ ತಂದೆತಾಯಿಗೆ ಇಂಗ್ಲಿಷ್ ನೆನಪಾಗ್ತದೆ. ನಿಮ್ಮ ಕ್ಲಾಸಿನಲ್ಲಿ ಮೂವತ್ತೊಂದು ಮಕ್ಕಳು. ಮೂವತ್ತೊಂದೂ ಏಳಕ್ಕೆ ಬಂದ್ರೆ ನೀವು ಖಾಯಂ. ಇಲ್ಲದಿದ್ರೆ ನಿಮ್ಮ ಊರಿನ ರೈಲು ಎಷ್ಟು ಗಂಟೆಗೆ ಅಂತ ನಾನೇ ಕೇಳಿ ಹೇಳ್ತೇನೆ."

"ಮಕ್ಕಳನ್ನ ಹೆಂಗ ಹಿಡಿದಿಡೂದ್ರಿ?" ಅಂದೆ.

"ಮಕ್ಕಳನ್ನಲ್ಲ, ತಂದೆತಾಯಿಯನ್ನ. ಕ್ಲಾಸಿನಲ್ಲಿ ಏನು ನಡೀತದೆ ಅಂತ ಅವರಿಗೆ ಆಗಾಗ ತಿಳಿಸ್ತಾ ಇರಿ."

ಇಷ್ಟೇನಾ ಎಂದುಕೊಂಡೆ. ತಿಳಿಸುವುದರಲ್ಲಿ ನನ್ನನ್ನು ಮೀರಿಸಿದವ ನಮ್ಮ ತಾಲೂಕಿನಲ್ಲೇ ಇರಲಿಲ್ಲ.

ಹುಷಾರಿಲ್ಲದ ಹುಡುಗಿ

ಜುಲೈ ತಿಂಗಳು. ಒಬ್ಬ ಹೋಟೆಲ್ ಮ್ಯಾನೇಜರರ ಮಗಳು ಶಾಲೆಗೆ ಬರಲಿಲ್ಲ. ಪಕ್ಕದ ಮನೆಯ ಹುಡುಗಿ ಅವಳ ಡೈರಿ ತಂದುಕೊಟ್ಟಳು. ಅಪ್ಪನ ಮುದ್ದಾದ ಅಕ್ಷರ: "ಮಗಳು ಹುಷಾರಿಲ್ಲ. ಕೆಲವು ದಿನ ಶಾಲೆಗೆ ಕಳಿಸುವುದಿಲ್ಲ."

ನನಗೆ ಪಿತ್ತ ನೆತ್ತಿಗೇರಿತು. ನಮ್ಮ ಕಡೆ ಮೈಯಲ್ಲಿ ಸರಿಯಿಲ್ಲದಿದ್ದರೆ "ಆರಾಮಿಲ್ಲ" ಎನ್ನುತ್ತೇವೆ. ಹುಷಾರ್ ಅಂದರೆ ಜಾಣ. ಈ ಮನುಷ್ಯ ಹಡೆದ ಮಗಳನ್ನೇ ದಡ್ಡಿ ಎಂದು ಬರೆದು, ಅದಕ್ಕೇ ಶಾಲೆ ಬಿಡಿಸುತ್ತಿದ್ದಾನಲ್ಲ. ಮೂವತ್ತೊಂದರಲ್ಲಿ ಒಂದು ಆಗಲೇ ಕೈಬಿಡುತ್ತಿದೆ. ಅದೇ ಡೈರಿಯಲ್ಲಿ ಉತ್ತರ ಜಡಿದೆ:

"ನಿಮ್ಮ ಮಗಳು ಹುಷಾರಿಲ್ಲ ಎಂದು ನಿಮಗೆ ಯಾರು ಹೇಳಿದರು? ತಂದೆಯೇ ಹೀಗೆಂದರೆ ಮಗುವಿನ ಗತಿ ಏನು? ಮನೆಯಲ್ಲಿ ಮಲಗಿಸಿದರೆ ಯಾರೂ ಹುಷಾರಾಗುವುದಿಲ್ಲ. ನಾಳೆಯೇ ಕಳಿಸಿರಿ. ದಿನಕ್ಕೆ ಹತ್ತು ಲೆಕ್ಕ ಮಾಡಿಸಿ ತಿಂಗಳೊಳಗೆ ಹುಷಾರ್ ಮಾಡಿ ಕೊಡುತ್ತೇನೆ."

ಮರುದಿನ ಮ್ಯಾನೇಜರರೇ ಬಂದರು. ಒಂದು ಕೈಯಲ್ಲಿ ಡೈರಿ, ಇನ್ನೊಂದರಲ್ಲಿ ಡಾಕ್ಟರ ಚೀಟಿ. ಬಹಳ ಮೆತ್ತಗೆ ಕೇಳಿದರು: "ಮಾಸ್ಟ್ರೇ, ಟೈಫಾಯಿಡ್ ಅಂತೆ. ಅದಕ್ಕೆ ಹತ್ತು ಲೆಕ್ಕ ಸಾಕಾ, ಇಪ್ಪತ್ತು ಬೇಕಾ?"

ತುಳು ಅಜ್ಜಿ

ಠಾಕುರ್ಲಿಯಿಂದ ಬರುತ್ತಿದ್ದ ಒಬ್ಬ ಹುಡುಗನಿದ್ದ. ಹಿಂದಿನ ಬೆಂಚಿನ ರಾಜ. ಪಾಠದ ನಡುವೆ ಕಿಟಕಿಯಿಂದ ಜಿಗಿದು ವಡಾಪಾವ್ ತಂದು ಮತ್ತೆ ಅದೇ ಕಿಟಕಿಯಿಂದ ಒಳಗೆ ಬರುತ್ತಿದ್ದ. ಡೈರಿಯಲ್ಲಿ ಬರೆದರೆ ಆ ಹಾಳೆಯೇ ಮಾಯ. ಒಂದು ಸಂಜೆ ಅವನ ಕೈ ಹಿಡಿದು ಮನೆಗೇ ಹೋದೆ. ಅಪ್ಪ ಅಮ್ಮ ಇಬ್ಬರೂ ಆಫೀಸಿಗೆ ಹೋದವರು ಇನ್ನೂ ಬಂದಿರಲಿಲ್ಲ. ಇದ್ದದ್ದು ಅಜ್ಜಿ. ಅಜ್ಜಿಗೆ ತುಳು ಬಿಟ್ಟು ಬೇರೆ ಬಾರದು, ನನಗೆ ತುಳುವಿನ ಗಂಧವಿಲ್ಲ.

"ನಾನು ಹೇಳ್ತೇನೆ ಸರ್," ಎಂದ ಹುಡುಗ, ಬಹಳ ವಿನಯದಿಂದ.

ಕಾಲು ಗಂಟೆ ದೂರು ಹೇಳಿದೆ. ಕಿಟಕಿ ಜಿಗಿಯುವುದನ್ನು ಕೈ ಎತ್ತಿ ತೋರಿಸಿದೆ. ಹುಡುಗ ಒಂದೊಂದು ವಾಕ್ಯವನ್ನೂ ತುಳುವಿಗೆ ತಿರುಗಿಸಿದ. ಅಜ್ಜಿ "ಎಡ್ಡೆ, ಎಡ್ಡೆ" ಎನ್ನುತ್ತಾ ತಲೆ ಆಡಿಸಿದರು. ಎಡ್ಡೆ ಅಂದರೆ ತುಳುವಿನಲ್ಲಿ ಹೆಡ್ಡ ಇರಬೇಕು, ಮೊಮ್ಮಗನಿಗೆ ಬೈಯುತ್ತಿದ್ದಾರೆ ಎಂದು ನಾನು ಇನ್ನೂ ಜೋರು ಮಾಡಿದೆ. ಅಜ್ಜಿ ಕಣ್ಣು ಒರೆಸಿಕೊಂಡರು. ಒಳಗೆ ಹೋಗಿ ಒಂದು ತಟ್ಟೆ ಪತ್ರೊಡೆ ತಂದಿಟ್ಟರು. ಎಂಥ ಮನೆತನ, ಮಗುವಿನ ತಪ್ಪು ಹೇಳಿದವನಿಗೆ ಊಟ ಹಾಕುತ್ತಾರೆ ಎಂದು ಮನಸ್ಸು ತುಂಬಿ ಬಂತು. ಪತ್ರೊಡೆ ಪೂರಾ ಮುಗಿಸಿ ಎದ್ದೆ.

ಏಳೂವರೆಗೆ ಹುಡುಗನ ಅಪ್ಪನ ಫೋನು: "ಸರ್, ಅಮ್ಮ ಎಲ್ಲ ಹೇಳಿದ್ರು, ಎಡ್ಡೆ, ಒಳ್ಳೇದಾಯ್ತು ಅಂತ. ಅವನನ್ನು ಮಾನಿಟರ್ ಮಾಡಿದ್ರಂತೆ. ಹೈಜಂಪಿನಲ್ಲಿ ಸಹ ಫಸ್ಟಂತೆ. ನಾವು ಸುಮ್ಮನೆ ಆ ಇಂಗ್ಲಿಷ್ ಶಾಲೆ ನೋಡಿ ಬಂದದ್ದು, ಇನ್ನು ಅದರ ಮಾತಿಲ್ಲ ಬಿಡಿ."

ಮರುದಿನ ಅವನನ್ನು ಮಾನಿಟರ್ ಮಾಡಿದೆ.

ದಿವಾದ ಚಾಳಿನಲ್ಲಿ ಒಳ್ಳೆಯ ಸುದ್ದಿ

ಆರು ತಿಂಗಳ ಪರೀಕ್ಷೆಯಲ್ಲಿ ಮೊದಲು ಬಂದವನು ದಿವಾ ಸ್ಟೇಶನ್ ಕಡೆಯಿಂದ ಬರುತ್ತಿದ್ದ ಹುಡುಗ. ಅಪ್ಪ ರಾಯಚೂರು ಕಡೆಯವ, ಲಾರಿಗೆ ಮಾಲು ತುಂಬುವ ಕೆಲಸ. ಡೈರಿ ಓದುವವರು ಆ ಮನೆಯಲ್ಲಿ ಯಾರೂ ಇರಲಿಲ್ಲ. ಬರೀ ಕೆಟ್ಟ ಸುದ್ದಿ ಮುಟ್ಟಿಸುವ ಮಾಸ್ತರ ಅನ್ನಿಸಿಕೊಳ್ಳಬಾರದು ಎಂದು ಭಾನುವಾರ ನಾನೇ ಹೊರಟೆ.

ದಿವಾ ಚಾಳಿನ ಆ ಸಾಲುಮನೆಗಳಲ್ಲಿ ನಾನು ಮೊದಲನೇ ಮನೆ ದಾಟುವುದರೊಳಗೆ ಹತ್ತನೇ ಮನೆಗೆ ಸುದ್ದಿ ಮುಟ್ಟಿತ್ತು. ಸಾಲಿ ಸರ ಬಂದಾರ. ನಾನು ಬಾಗಿಲಿಗೆ ಬಂದಾಗ ಅವ್ವ ಹುಡುಗನ ಜುಟ್ಟು ಹಿಡಿದಾಗಿತ್ತು.

"ಏನ್ ಮಾಡಿದ್ಯೋ ಮೂಳ, ಸರ ಇಲ್ಲೀತನ ಬರೂವಂಥಾದ್ದು?" ಬೆನ್ನ ಮೇಲೆ ಒಂದು.

"ನಿಲ್ರಿ ತಾಯಿ, ಅವಾ ಪಹಿಲಾ ನಂಬರ ಬಂದಾನ."

"ಯಾರ ಮ್ಯಾಲೆ ಬಂದಾನ್ರಿ?" ಇನ್ನೊಂದು.

"ಯಾರ ಮ್ಯಾಲೂ ಅಲ್ರಿ, ಎಲ್ಲಾರಕಿಂತ ಮುಂದ ಬಂದಾನ."

"ಮುಂದ್ ಮುಂದ್ ಯಾಕ ಹೋದ್ಯೋ?" ಮೂರನೆಯದು.

ಆ ಹೊತ್ತಿಗೆ ಅಪ್ಪ ಎದ್ದು ಬಂದ. ನಾನು ಅಂಕಪಟ್ಟಿ ಬಿಚ್ಚಿ, ಬೆರಳಿಟ್ಟು, ಒಂದೊಂದು ವಿಷಯವನ್ನೂ ಬಿಡಿಸಿ ಹೇಳಿದೆ. ಇಡೀ ಚಾಳು ನಿಂತು ಕೇಳಿತು. ಅವ್ವ ಜುಟ್ಟು ಬಿಟ್ಟಳು, ಆದರೆ ಸಂಶಯ ಬಿಡಲಿಲ್ಲ. "ಅಲ್ರಿ ಸರ, ಒಳ್ಳೇದ ಹೇಳಾಕ ಯಾವ ಮಾಸ್ತರ ಮನೀಗಿ ಬರ್ತಾನ? ಏನರ ಆಗಿದ್ರ ಈಗ ಹೇಳಿಬಿಡ್ರಿ, ಹೊಡದದ್ದು ಹೊಡದೀನಿ, ಲೆಕ್ಕ ಮುಟ್ಟಲಿ."

ಒಂದು ಮುಷ್ಟಿ ಕಾಳು

ಡಿಸೆಂಬರಿನಲ್ಲಿ ಆ ದಿವಾದ ಹುಡುಗನೇ ಶಾಲೆ ಬಿಟ್ಟ. ಅಪ್ಪನಿಗೆ ಭಿವಂಡಿಯ ಗೋದಾಮಿನಲ್ಲಿ ಕೆಲಸ, ಅಲ್ಲೇ ಇರಲು ಖೋಲಿ. ಇಂಗ್ಲಿಷಿಗೆ ಸೋತಿದ್ದರೆ ಜಗಳವಾಡುತ್ತಿದ್ದೆ, ಭಿವಂಡಿಯ ಜೊತೆ ಏನು ಜಗಳ? ಮೂವತ್ತು ಉಳಿದರು. ದೊಡ್ಡ ಟೀಚರ್ ಹಾಜರಿ ಪುಸ್ತಕದಲ್ಲಿ ಆ ಹೆಸರಿನ ಮೇಲೆ ಗೆರೆ ಎಳೆದು ನನ್ನ ಕಡೆ ನೋಡಿದರು.

ಈ ಮೂವತ್ತನ್ನಾದರೂ ಬಿಗಿಯಾಗಿ ಹಿಡಿಯಬೇಕೆಂದು ನಾನು ಹೊಸ ಮೊಬೈಲು ಕೊಂಡು ಎಲ್ಲ ಪಾಲಕರಿಗೂ ಎಸ್ಸೆಮ್ಮೆಸ್ ಶುರು ಮಾಡಿದೆ. ಆ ಕಾಲಕ್ಕೆ ಅದು ಇಡೀ ಶಾಲೆಯಲ್ಲಿ ನನ್ನದೇ ಮೊದಲು. ಕನ್ನಡ ಅಕ್ಷರ ಆ ಫೋನಿನಲ್ಲಿ ಇರಲಿಲ್ಲ, ಇಂಗ್ಲಿಷ್ ಅಕ್ಷರದಲ್ಲೇ ಕನ್ನಡ. ವಿಜ್ಞಾನದ ಪಾಠಕ್ಕೆ ಮೊಳಕೆ ಬರಿಸುವುದಿತ್ತು. ಕ್ಲಾಸಿನಲ್ಲಿ ಬಾಯಿಂದ ಹೇಳಿದ್ದು ಸಾಲದೆಂದು, ನಾಳೆ ಮಕ್ಕಳ ಕೈಯಲ್ಲಿ ಒಂದು ಮುಷ್ಟಿ ಕಾಳು ಕಳಿಸಿ ಎಂದು ಒತ್ತಿದೆ. ಹೆಬ್ಬೆರಳಿಗೆ ದಣಿವಾಗಿ ದೀರ್ಘ ಹ್ರಸ್ವ ನೋಡಲಿಲ್ಲ, ಕಾಳು ಬರೀ kalu ಆಗಿ ಹೋಯಿತು.

ಐದು ನಿಮಿಷಕ್ಕೆ ಮೊದಲನೇ ಫೋನು, ಕಲ್ಯಾಣದಿಂದ. "ಸರ, ಕಾಲು ಅಂದ್ರ ಕೋಳಿದೋ ಕುರೀದೋ? ಕುರೀದಾದ್ರ ಮುಷ್ಟಿಯೊಳಗ ಹಿಡಿಯಾಂಗಿಲ್ಲ ನೋಡ್ರಿ."

ಎರಡನೆಯದು ಹೋಟೆಲ್ ಮ್ಯಾನೇಜರರದು. ಬಾಯಿಗೆ ಕೈ ಅಡ್ಡ ಇಟ್ಟು ಮಾತಾಡಿದಂತಿತ್ತು. "ಮಾಸ್ಟ್ರೇ, ಕಳ್ಳು ಇಲ್ಲಿ ಒಳ್ಳೇದು ಸಿಗುದಿಲ್ಲ. ನಿಮಗೆ ಬೇಕಿದ್ರೆ ನನ್ನ ಹತ್ರ ಸೀದಾ ಹೇಳಿ, ಊರಿಂದ ಬರುವವರ ಕೈಯಲ್ಲಿ ತರಿಸುವ. ಮಗಳ ಕೈಯಲ್ಲಿ ಕಳಿಸುದು ಚಂದ ಅಲ್ಲ."

ಬೆಳಿಗ್ಗೆ ಗೌಂಡಿ ಕೆಲಸದವರ ಮಕ್ಕಳು ನಾಲ್ವರು ಚೀಲಗಟ್ಟಲೆ ಕಲ್ಲು ತಂದಿದ್ದರು, ಸೈಟಿನದು, ಒಳ್ಳೆಯ ಮುಕ್ಕಾಲಿಂಚಿನ ಖಡಿ. ಸರಿಯಾಗಿ ಹೆಸರುಕಾಳು ತಂದವಳು ಒಬ್ಬಳೇ ಹುಡುಗಿ. ಹೊಗಳಿ ಕೇಳಿದೆ, ನನ್ನ ಮೆಸೇಜು ನಿಮ್ಮ ಮನೆಯವರಿಗೆ ಮಾತ್ರ ಹೇಗೆ ಅರ್ಥವಾಯಿತು?

"ನಮ್ಮನ್ಯಾಗ ಫೋನ್ ಇಲ್ರಿ ಸರ," ಅಂದಳು.

ದಾಖಲೆ

ಪಾಲಕರ ಸಭೆ ಎಂದರೆ ಅಲ್ಲಿಯವರೆಗೆ ನಾನು ಮತ್ತು ಖಾಲಿ ಬೆಂಚುಗಳು. ಜನವರಿಯ ಸಭೆಗೆ ಬಂದವರು ನಾಲ್ವರು, ಅವರಲ್ಲಿ ಒಬ್ಬ ಫ್ಯಾನು ರಿಪೇರಿಗೆ ಬಂದವ. ಒಂಬತ್ತು ಮನೆಯವರು ಇಂಗ್ಲಿಷ್ ಶಾಲೆಯ ಫಾರ್ಮು ತಂದಿಟ್ಟಿದ್ದಾರೆ ಎಂದು ಮಾನಿಟರ್ ವರದಿ ಕೊಟ್ಟಿದ್ದ. ಒಂಬತ್ತು ಹೋದರೆ ನಾನೂ ಹೋದಂತೆಯೇ.

ಫೆಬ್ರವರಿಯಲ್ಲಿ ಒಂದು ಚಮತ್ಕಾರ ಆಯಿತು. ಇಡೀ ತಿಂಗಳು ನನ್ನ ಮೂವತ್ತರಲ್ಲಿ ಒಂದು ಮಗುವೂ ಒಂದು ದಿನವೂ ತಪ್ಪಿಸಲಿಲ್ಲ. ಆ ಶಾಲೆಯಲ್ಲಿ ಹಿಂದೆಂದೂ ಆಗದ ದಾಖಲೆ. ನಾನು ನಾಲ್ಕು ಸಂಜೆ ಕೂತು, ಮೂವತ್ತು ಕಾರ್ಡು ಕತ್ತರಿಸಿ, ಸ್ಕೆಚ್ ಪೆನ್ನಿನಲ್ಲಿ ಹೂಬಳ್ಳಿ ಬಿಡಿಸಿ, ಪ್ರತಿಯೊಬ್ಬರ ಹೆಸರು ಬರೆದೆ. ಆಮೇಲೆ ಡೈರಿಗಳಲ್ಲಿ ಸ್ವಚ್ಛ ಕನ್ನಡದಲ್ಲಿ ಬರೆದೆ, ಈ ಸಲ ಒಂದಕ್ಷರ ತಪ್ಪಿಲ್ಲ:

"ಶನಿವಾರ ಹತ್ತು ಗಂಟೆಗೆ ಪಾಲಕರು ಬಂದು ತಮ್ಮ ಮಗುವಿನ ದಾಖಲೆ ತೆಗೆದುಕೊಂಡು ಹೋಗಬೇಕು."

ಈಗ ನೀವು ಆ ಕಡೆಯವರಲ್ಲದಿದ್ದರೆ ಇದರಲ್ಲಿ ಏನು ಕಾಣುತ್ತದೆ? ಏನೂ ಇಲ್ಲ. ಆದರೆ ಠಾಣೆಯಿಂದ ಕಲ್ಯಾಣದವರೆಗೆ ದಾಖಲಾ ಅಂದರೆ ಮರಾಠಿಯಲ್ಲಿ ಒಂದೇ ಅರ್ಥ, ಶಾಲೆ ಬಿಟ್ಟದ್ದಕ್ಕೆ ಕೊಡುವ ಪ್ರಮಾಣಪತ್ರ. ದಾಖಲೆ ತೆಗೆದುಕೊಂಡು ಹೋಗಿ ಎಂದರೆ, ನಿಮ್ಮ ಮಗುವನ್ನು ಹೊರಗೆ ಹಾಕಿದ್ದೇವೆ, ಬಂದು ಕಾಗದ ಒಯ್ಯಿರಿ.

ಶನಿವಾರ ಒಂಬತ್ತಕ್ಕೇ ಗೇಟು ತುಂಬಿತ್ತು. ಮೂವತ್ತು ಮನೆಯಿಂದ ಐವತ್ತು ಜನ. ಕೈಯಲ್ಲಿ ಸಿಮೆಂಟು ಒಣಗಿದವರು, ಹೋಟೆಲಿನ ಗಲ್ಲೆ ಬಿಟ್ಟು ಬಂದವರು, ಆಫೀಸಿಗೆ ರಜೆ ಹಾಕಿದವರು. ನನ್ನ ಕಾರ್ಡುಗಳಿಗೆ ಇಷ್ಟು ಬೆಲೆಯೇ ಎಂದು ಎದೆ ಉಬ್ಬಿಸಿಕೊಂಡು ಮುಂದೆ ನಿಂತೆ.

"ಸರ, ನನ್ ಮಗಳು ಏನ್ ತಪ್ಪ ಮಾಡ್ಯಾಳ್ರಿ?" ಒಬ್ಬ ಗೌಂಡಿ ಡೈರಿಯನ್ನು ನನ್ನ ಮುಂದೆ ಹಿಡಿದ. "ಲಗ್ನಕ ಊರಿಗಿ ಹೋಗೂದಿತ್ರಿ, ಆಕಿ ಸಾಲಿ ತಪ್ಪತದಂತ ಲಗ್ನಾ ಬಿಟ್ಟೀವಿ. ಮತ್ತ ದಾಖಲಾ ಕೊಡ್ತೀರಿ?"

"ಕೊಡೂದ ಕೊಡೂದ್ರಿ," ಎಂದೆ ನಾನು ಹೆಮ್ಮೆಯಿಂದ. "ಮೂವತ್ತೂ ಮಂದಿಗೂ ಕೊಡ್ತೀನಿ. ಒಬ್ಬರನ್ನೂ ಬಿಡಾಂಗಿಲ್ಲ."

ಒಬ್ಬ ತಾಯಿ ಮಗುವಿನ ಡೈರಿಯನ್ನು ಸೆರಗಿನೊಳಗೆ ಬಚ್ಚಿಟ್ಟುಕೊಂಡಳು. ಹೋಟೆಲ್ ಮ್ಯಾನೇಜರರು ಜನರನ್ನು ತಳ್ಳಿಕೊಂಡು ಬಂದರು. "ಮಾಸ್ಟ್ರೇ, ಆ ಫಾರ್ಮಿನ ವಿಷಯ ನಿಮಗೆ ಗೊತ್ತಾಗಿದೆ ಅಂತ ಕಾಣ್ತದೆ. ಸುಮ್ಮನೆ ತಂದದ್ದು ಮಾರಾಯ್ರೆ. ನಮ್ಮ ಹುಡುಗಿ ಮಲಗಿದಾಗ ಎಳನೀರು ಹಿಡ್ಕೊಂಡು ದಿನ ಬಿಟ್ಟು ದಿನ ಬಂದವರು ನೀವು. ನಿಮ್ಮನ್ನು ಬಿಟ್ಟು ಅವಳನ್ನು ಎಲ್ಲಿಗೆ ಹಾಕುದು? ನೋಡಿ." ಅಂಗಿಯ ಜೇಬಿನಿಂದ ಫಾರ್ಮು ತೆಗೆದು ನನ್ನ ಕಣ್ಣೆದುರೇ ಹರಿದರು. ಅವರನ್ನು ನೋಡಿ ಇನ್ನೂ ಇಬ್ಬರು ಹರಿದರು. ಫಾರ್ಮು ತಾರದಿದ್ದ ಒಬ್ಬರು ಮನೆಗೆ ಫೋನು ಮಾಡಿ ಹರಿಯಲು ಹೇಳಿದರು.

ನನಗೆ ಆಗ ತಲೆಗೆ ಹೊಳೆಯಿತು. "ಅಯ್ಯ, ಇದು ಆ ದಾಖಲಾ ಅಲ್ರಿ" ಎಂದು ಬಾಯಿ ತೆರೆದೆ. ಅಷ್ಟರಲ್ಲಿ ನನ್ನ ಪಾದದ ಮೇಲೆ ಯಾರದೋ ಹಿಮ್ಮಡಿ ಬಲವಾಗಿ ಊರಿತು. ಪಕ್ಕದಲ್ಲಿ ದೊಡ್ಡ ಟೀಚರ್ ನಿಂತಿದ್ದರು, ಮುಖದಲ್ಲಿ ನಗೆಯ ಸುಳಿವಿಲ್ಲ.

"ಹಾಗಾದ್ರೆ ಯಾರಿಗೂ ದಾಖಲೆ ಬೇಡವಾ?" ಎಂದು ಕೇಳಿದರು.

"ಬ್ಯಾಡ್ರಿ," "ಬೇಡ," "ನಕೋ" ಎಂದು ಮೂರು ಭಾಷೆಯಲ್ಲಿ ಬಂತು.

"ಸರಿ. ಹಾಗಾದ್ರೆ ಬರೆದುಕೊಡಿ, ಮಗುವನ್ನು ಏಳಕ್ಕೆ ಇದೇ ಶಾಲೆಯಲ್ಲಿ ಇಡ್ತೇವೆ ಅಂತ."

ಒಂದು ಗಂಟೆಯೊಳಗೆ ಮೂವತ್ತು ಕಾಗದ ಮೇಜಿನ ಮೇಲಿತ್ತು, ಕೆಲವಕ್ಕೆ ಹೆಬ್ಬೆಟ್ಟು. ಎಲ್ಲ ಎಣಿಸಿ, ಕಪಾಟಿನಲ್ಲಿಟ್ಟು, ಬೀಗ ಹಾಕಿದ ಮೇಲೆ ದೊಡ್ಡ ಟೀಚರ್ ನನ್ನ ಕಾರ್ಡುಗಳ ಕಟ್ಟು ಬಿಚ್ಚಿದರು. "ಇದು ನಮ್ಮ ಮಾಸ್ಟ್ರು ಬರೆದ ದಾಖಲೆ. ಒಂದು ತಿಂಗಳು ಒಂದು ದಿನವೂ ತಪ್ಪಿಸದ್ದಕ್ಕೆ. ಮನೆಯಲ್ಲಿ ಗೋಡೆಗೆ ಹಚ್ಚಿ."

ಗೌಂಡಿ ಕಾರ್ಡನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, ಹೂಬಳ್ಳಿಯ ಮೇಲೆ ಬೆರಳಾಡಿಸಿ, ಕೊನೆಗೆ ಕೇಳಿದ: "ಸರ, ಇದನ್ನ ತಗೊಂಡ್ರ ಸಾಲಿ ಬಿಡಬೇಕಾಗತೈತೇನ್ರಿ?"

ಏಪ್ರಿಲಿನಲ್ಲಿ ದೊಡ್ಡ ಟೀಚರ್ ಕರೆದರು. "ನಾನು ಹೇಳಿದ್ದು ಮೂವತ್ತೊಂದು. ನಿಮ್ಮದು ಮೂವತ್ತು," ಎಂದರು. ಹೌದು ಎಂದೆ. ಖಾಯಂ ಪತ್ರ ಕೊಡಲಿಲ್ಲ. ಇನ್ನೊಂದು ವರ್ಷದ ತಾತ್ಕಾಲಿಕ ನೌಕರಿ, ಏಳನೇ ತರಗತಿ, ಮತ್ತು ಅವೇ ಮೂವತ್ತು ಮಕ್ಕಳನ್ನು ಕೊಟ್ಟರು.