ಯಂತ್ರ ಹಾಡಿತೆಂದು ನಮೂದಾದ ಜೋಗುಳ

ಸಾರ್ವಜನಿಕ ಧ್ವನಿ ಭಂಡಾರದ ಕಂಪ್ಯೂಟರಿನಲ್ಲಿ ಯಾವ ದೋಷವೂ ಇರಲಿಲ್ಲ. ಇದು ಸ್ವತಃ ಕಂಪ್ಯೂಟರೇ ಹೇಳಿದ ಮಾತಾದ್ದರಿಂದ ಬೇರೆ ಸಾಕ್ಷಿ ಬೇಕಾಗಿರಲಿಲ್ಲ.

ದರ್ಜಿ ಅಜ್ಜಿ ಅಲ್ಲಿಗೆ ಬಂದದ್ದು ಸೋಮವಾರ. ತೀರಿಹೋದ ಅವಳ ಅಕ್ಕ ಹಾಡಿದ್ದ ಜೋಗುಳವೊಂದು ಭಂಡಾರದ ಸಿಡಿಯಲ್ಲಿತ್ತು. ಮೊದಲ ನುಡಿ ಅಜ್ಜಿಗೆ ಬಾಯಿಪಾಠ, ಎರಡನೆಯದು ಮರೆತುಹೋಗಿತ್ತು. ಶುಕ್ರವಾರ ಮೊಮ್ಮಗಳು ಕೂಸನ್ನೆತ್ತಿಕೊಂಡು ದೂರದ ಊರಿಗೆ ಹೊರಡುವವಳು. ಅಷ್ಟರೊಳಗೆ ಅಕ್ಕನ ಹಾಡು ಪೂರ್ತಿಯಾಗಿ ಆ ಕೂಸಿನ ಕಿವಿಗೆ ಬೀಳಬೇಕು, ಇಷ್ಟೇ ಅವಳ ಆಸೆ.

ಮೇಲ್ವಿಚಾರಕರು ಸಿಡಿ ಹಾಕಿದರು. ಹಳೆಯ ಪ್ರೋಗ್ರಾಂ ಹೊಸ ಕಂಪ್ಯೂಟರಿನಲ್ಲಿ ನಡೆಯಲೆಂದು ಎರಡರ ನಡುವೆ ಹೊಂದಾಣಿಕೆ ಸಾಫ್ಟ್‌ವೇರ್ ಎಂಬ ದುಭಾಷಿಯನ್ನು ಕೂರಿಸಿದ್ದರು. ಪ್ರೋಗ್ರಾಂ 'ಹಾಡಿಸು' ಎಂದಿತು. ದುಭಾಷಿ 'ಹಾಡುತ್ತಿದೆ' ಎಂದಿತು. ಪರದೆಯ ಮೇಲೆ ಸೆಕೆಂಡುಗಳು ಓಡಿದವು. ಸಿಡಿ ಗಿರ್ರನೆ ತಿರುಗಿತು. ಸ್ಪೀಕರ್ ಮಾತ್ರ ತುಟಿಪಿಟಕ್ಕೆನ್ನಲಿಲ್ಲ.

"ಏನೂ ಕೇಳಿಸ್ತಿಲ್ವಲ್ಲಪ್ಪಾ."

"ಹಾಡ್ತಾ ಇದೆ ಅಜ್ಜಿ. ಆಗಲೇ ಒಂದು ನಿಮಿಷ ಹಾಡಿದೆ, ನೋಡಿ."

"ನೋಡೋಕಲ್ಲ ನಾನು ಬಂದಿರೋದು."

ನಿಯಮ ಏಳರ ಪ್ರಕಾರ, ಪರದೆಯಲ್ಲಿ ಹಾಡುತ್ತಿರುವ ಹಾಡು ಕೇಳಿಸದಿದ್ದರೆ ಅದು ಅರ್ಜಿದಾರರ ಕಿವಿಗೆ ಸಂಬಂಧಿಸಿದ ವಿಷಯ. ಮಂಗಳವಾರ ಅಜ್ಜಿ ಕಿವಿ ವೈದ್ಯರ ಪ್ರಮಾಣಪತ್ರ ತಂದಳು. ಮೇಲ್ವಿಚಾರಕರು ಅದನ್ನು ಎರಡು ಸಲ ಓದಿ, "ನಿಮ್ಮ ಕಿವಿಯೂ ಸರಿಯಿದೆ, ನಮ್ಮ ಯಂತ್ರವೂ ಸರಿಯಿದೆ. ಎಲ್ಲ ದೇವರ ದಯೆ," ಎಂದು ಫೈಲಿಗೆ ಸೇರಿಸಿದರು.

ಬುಧವಾರ ರಿಪೇರಿಯವನು ಬಂದು ಮುಚ್ಚಳ ಬಿಚ್ಚಿದ.

"ಸಾರ್, ದುಭಾಷಿ ಸಿಡಿ ಡ್ರೈವಿಗೆ 'ಹಾಡು' ಅನ್ನುತ್ತೆ. ಅದು ಒಳಗೊಳಗೇ ಹಾಡುತ್ತೆ ಕೂಡ. ಆದರೆ ಅಲ್ಲಿಂದ ಸ್ಪೀಕರಿನ ಕಡೆಗೆ ವೈರೇ ಇಲ್ಲ. ಗೇಣುದ್ದದ ವೈರು ಹಾಕಿದರೆ ಆಯ್ತು."

"ವೈರು ಹಾಕಬೇಕಾದರೆ ಮೊದಲು ದೋಷ ನಮೂದಾಗಬೇಕಯ್ಯಾ."

"ನಮೂದಿಸಿ."

"ಆ ಕಾಲಂ ಕಂಪ್ಯೂಟರೇ ತುಂಬುತ್ತೆ. 'ಇಲ್ಲ' ಅಂತ ತುಂಬಿದೆ."

"ನನ್ನ ಚೀಲದಲ್ಲೇ ಒಂದಿದೆ. ಸುಮ್ಮನೆ ಹಾಕಿಬಿಡ್ತೀನಿ."

ಮೇಲ್ವಿಚಾರಕರು ಬೆಚ್ಚಿದರು. "ಸರಿಯಿರೋ ಯಂತ್ರವನ್ನ ಸರಿಮಾಡೋದಾ? ಅದಕ್ಕೆ ಹಾನಿ ಅಂತಾರೆ ಕಣಯ್ಯಾ!"

ಗುರುವಾರ ಐದು ಜನರ ಶ್ರವಣ ಸಮಿತಿ ಕೂತಿತು. ನಾಲ್ಕು ನಿಮಿಷ ಎಲ್ಲರೂ ಕಣ್ಣುಮುಚ್ಚಿ ನಿಶ್ಶಬ್ದವನ್ನು ಆಲಿಸಿದರು. ಶ್ರುತಿ ಶುದ್ಧವಾಗಿತ್ತೆಂದು ಒಬ್ಬ ಸದಸ್ಯರು ಹೇಳಿದರು. ಕೊನೆಗೆ ತುಸು ಎಳೆದ ಹಾಗಾಯಿತೆಂದು ಅಧ್ಯಕ್ಷರಿಗನ್ನಿಸಿತು. ಇನ್ನೊಮ್ಮೆ ಹಾಕಿಸಿದರು.

ಅಷ್ಟರಲ್ಲಿ ಅಜ್ಜಿಯ ಜೊತೆ ಬಂದಿದ್ದ ಮೊಮ್ಮಗಳ ತೋಳಿನಲ್ಲಿದ್ದ ಕೂಸು ರಚ್ಚೆ ಹಿಡಿಯಿತು. ಅಜ್ಜಿಗೆ ತಡೆಯಲಾಗಲಿಲ್ಲ. ಕೂಸನ್ನು ಎತ್ತಿಕೊಂಡು ಮೊದಲ ನುಡಿ ಹಾಡಿದಳು. ಎರಡನೆಯದಕ್ಕೆ ಬಂದು ನಿಂತಳು. ಸ್ಪೀಕರಿನತ್ತ ಒಮ್ಮೆ ನೋಡಿದಳು. ಅಲ್ಲಿಂದ ಸಹಾಯ ಬರುವ ಲಕ್ಷಣವಿರಲಿಲ್ಲ. ಕೊನೆಗೆ ಅಕ್ಕನ ಮುಂಗೋಪ, ಅವಳ ದೊಡ್ಡ ನಗು, ತಂಗಿಗೆಂದು ಬಚ್ಚಿಡುತ್ತಿದ್ದ ಬೆಲ್ಲ, ನೆನಪಿಗೆ ಬಂದದ್ದನ್ನೆಲ್ಲ ಪೋಣಿಸಿ ತಾನೇ ಒಂದು ನುಡಿ ಕಟ್ಟಿದಳು. ಕೂಸು ಮಲಗಿತು. ಪರದೆಯ ಮೇಲೂ ಅದೇ ಕ್ಷಣಕ್ಕೆ ಹಾಡು ಮುಗಿಯಿತು.

'ಯಂತ್ರ ಹಾಡಿದೆ. ಧ್ವನಿ ಬಂದ ದಿಕ್ಕಿನ ಬಗ್ಗೆ ಸಮಿತಿಗೆ ಆಕ್ಷೇಪವಿಲ್ಲ,' ಎಂದು ಅಧ್ಯಕ್ಷರು ಬರೆಸಿದರು. ಅಜ್ಜಿ ಇನ್ನು ಮುಂದೆ ದಿನವೂ ಕಂಪ್ಯೂಟರಿನ ಪಕ್ಕ ಕೂರತಕ್ಕದ್ದು ಎಂಬ ಪ್ರಕಟಣೆ ಬಾಗಿಲಿಗೆ ಬಿತ್ತು.

"ಒಳ್ಳೆ ಕುರ್ಚಿ ಕೊಡಿ, ಬರ್ತೀನಿ. ಹೊಲಿಗೆಯನ್ನೂ ಇಲ್ಲೇ ಮಾಡ್ಕೋತೀನಿ," ಎಂದಳು ಅಜ್ಜಿ.

ಮುಂದಿನ ವಾರ ಒಬ್ಬರು, ತೀರಿಹೋದ ಸೋದರಮಾವ ಜೇನು ಸಾಕಣೆಯ ಕುರಿತು ಮಾಡಿದ್ದ ಭಾಷಣ ಕೇಳಲು ಬಂದರು. ಸಿಡಿ ತಿರುಗಿತು. ಅಜ್ಜಿ ಸೂಜಿ ಬದಿಗಿಟ್ಟು ಜೋಗುಳ ಹಾಡಿದಳು. ಅವರು ಕಣ್ಣೊರೆಸಿಕೊಂಡು 'ಕೇಳಿದೆ' ಎಂದು ಸಹಿ ಹಾಕಿದರು.

"ಮಾವ ಇಷ್ಟು ಚೆನ್ನಾಗಿ ಹಾಡ್ತಿದ್ರು ಅಂತ ನಮಗೆ ಗೊತ್ತೇ ಇರಲಿಲ್ಲ."